ರೀಥಾ ಬೋಗ್ಸ್ ಕೊಂಡ ಎರಡು ಬಂದೂಕು

ನಮ್ಮ ಕಣಿವೆಯಲ್ಲಿ ಗಂಡಸು ಸತ್ತರೆ ಅವನ ಬಂದೂಕುಗಳು ಹೆಂಡತಿಗೆ ಉಳಿಯುವುದಿಲ್ಲ. ಹಾಗೆಂದು ವೆಸ್ಟ್ ವರ್ಜೀನಿಯಾದ ಯಾವ ಕಾನೂನೂ ಹೇಳುವುದಿಲ್ಲ, ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಆದರೂ ಮಣ್ಣು ಮಾಡಿ ಬಂದ ವಾರದೊಳಗೆ ಸತ್ತವನ ಗಂಡುಮಕ್ಕಳೋ, ಅವರಿಲ್ಲದಿದ್ದರೆ ಅಣ್ಣತಮ್ಮಂದಿರೋ ಬಂದು ಗೋಡೆಯ ಮೇಲಿನದನ್ನೆಲ್ಲ ಇಳಿಸಿಕೊಂಡು ಹೋಗುತ್ತಾರೆ. ಹೆಂಗಸಿಗೆ ಹೊಲಿಗೆ ಯಂತ್ರ ಉಂಟು, ಪಿಂಗಾಣಿ ತಟ್ಟೆಗಳುಂಟು, ಅತ್ತೆ ಹೊಲಿದ ಕೌದಿಗಳುಂಟು. ಹೊತ್ತುಕೊಂಡು ಹೋಗುವವರು ಇದನ್ನು ಜವಾಬ್ದಾರಿ ಎನ್ನುತ್ತಾರೆ. ನನಗೆ ಬೇರೊಂದು ಹೆಸರು ಬಾಯಿಗೆ ಬರುತ್ತದೆ, ಆದರೆ ನಾನೂ ಇದೇ ಕಣಿವೆಯಲ್ಲಿ ಬಾಳಬೇಕಲ್ಲ.

ರೀಥಾ ಬೋಗ್ಸ್‌ಳ ಗಂಡ ಡೆನ್ವರ್ ಜೂನ್ ತಿಂಗಳಲ್ಲಿ ಇಳಿಜಾರಿನ ಹುಲ್ಲು ಕೊಯ್ಯುವಾಗ ಟ್ರ್ಯಾಕ್ಟರ್ ಮಗುಚಿ ಸತ್ತ. ಮಕ್ಕಳಿರಲಿಲ್ಲ. ಮಣ್ಣಾದ ಮೂರನೆಯ ದಿನ ಡೆನ್ವರ್‌ನ ಅಣ್ಣ ಆರ್ವಿಲ್ ತನ್ನ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಬಂದ. ಹಿತ್ತಲ ಬಾಗಿಲಿನಿಂದ ನೇರ ಒಳಗೆ ನಡೆದರು. ಒಡಹುಟ್ಟಿದವರ ಮನೆಯ ಬಾಗಿಲು ತಟ್ಟುವುದು ಇಲ್ಲಿ ರೂಢಿಯಲ್ಲ, ತಟ್ಟಿದರೆ ಒಳಗಿದ್ದವರಿಗೆ ಬೇಸರ. ಐದು ಬಂದೂಕುಗಳನ್ನು ಹಳೆಯ ಕಂಬಳಿಗಳಲ್ಲಿ ಸುತ್ತಿದರು. ಅಡುಗೆಮನೆಯ ಗೋಡೆಗೆ ಎರಡು ಮರದ ಗೂಟ ಹೊಡೆದು ಮಲಗಿಸಿದ್ದ ಡೆನ್ವರ್‌ನ ರೈಫಲ್ಲನ್ನು ಮಾತ್ರ ಆರ್ವಿಲ್ ತಾನೇ ಇಳಿಸಿದ.

“ಇಲ್ಲೇ ಬಿಟ್ರೆ ತುಕ್ಕು ಹಿಡಿಯುತ್ತೆ ಕಣಮ್ಮ” ಎಂದ.

ರೀಥಾ “ಹೂಂ” ಎಂದಳು. ಅವಳಿಗೆ ಆಗ ಐವತ್ತೆರಡು. ಹತ್ತೊಂಬತ್ತು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದವಳು. ನಲವತ್ತು ಮಕ್ಕಳು ಹಿಂದೆ ಕೂತು ಕಿರುಚಾಡಿದರೂ ಕನ್ನಡಿಯಲ್ಲಿ ಒಂದು ನೋಟ ನೋಡಿ ಸುಮ್ಮನಾಗಿಸುವವಳು. ಅಂಥವಳಿಗೂ ಅಂದು ಆ ಹೂಂ ಬಿಟ್ಟು ಬೇರೆ ಮಾತು ಹೊರಡಲಿಲ್ಲ. ಹುಟ್ಟಿದಾಗಿನಿಂದ ಬಂದೂಕುಗಳ ನಡುವೆಯೇ ಇದ್ದಳು. ಅಪ್ಪನದಕ್ಕೆ ಎಣ್ಣೆ ಹಚ್ಚಿದ್ದಳು, ಅಣ್ಣನದನ್ನು ಎರವಲು ತೆಗೆದುಕೊಂಡು ಹದಿಮೂರಕ್ಕೇ ಜಿಂಕೆ ಹೊಡೆದಿದ್ದಳು, ಗಂಡನದನ್ನು ಹೊತ್ತು ಬೆಟ್ಟ ಹತ್ತಿದ್ದಳು. ತನ್ನದು ಎನ್ನುವ ಬಂದೂಕು ಒಂದೂ ಇರಲಿಲ್ಲ, ಮತ್ತು ಅದು ಅವಳಿಗೆ ಹೊಳೆದದ್ದು ಆ ಗೂಟಗಳು ಖಾಲಿಯಾದ ಮೇಲೆಯೇ.

ಸೆಪ್ಟೆಂಬರ್‌ನಲ್ಲಿ ಆರ್ವಿಲ್ ಮತ್ತೆ ಬಂದ. ಈ ಸಲ ಹೆಂಡತಿ ಓಪಲ್‌ಳನ್ನೂ ಕರೆತಂದಿದ್ದ. ಆರ್ವಿಲ್‌ಗೆ ಎಪ್ಪತ್ತು. ಕಲ್ಲಿದ್ದಲ ಗಣಿಯೊಳಗೆ ಚಾವಣಿಗೆ ಉಕ್ಕಿನ ಸರಳು ಕೊರೆದು ಕೂರಿಸುವ ಯಂತ್ರದ ಪಕ್ಕದಲ್ಲಿ ಮೂವತ್ತು ವರ್ಷ ನಿಂತು ಎರಡೂ ಕಿವಿ ಹಾಳು ಮಾಡಿಕೊಂಡಿದ್ದ. ಅವನೊಬ್ಬನೇ ಅಲ್ಲ, ಅರವತ್ತು ದಾಟಿದ ನಮ್ಮ ಗಂಡಸರಲ್ಲಿ ಅರ್ಧದಷ್ಟು ಜನ ಹಾಗೆಯೇ. ಕಿವಿಯ ಯಂತ್ರ ಕೊಟ್ಟಿದ್ದರು, ಅದು ಹೆಚ್ಚಾಗಿ ಅವನ ಅಂಗಿಯ ಜೇಬಿನಲ್ಲಿರುತ್ತಿತ್ತು. ಹಾಗಾಗಿ ಅವನು ಗುಟ್ಟು ಹೇಳಿದರೂ ಅದು ಹಳ್ಳದಾಚೆಗೆ ಕೇಳುತ್ತಿತ್ತು.

“ಕೆಳಗೆ ನಮ್ಮ ಮನೆ ಪಕ್ಕ ಟ್ರೈಲರ್ ಮನೆ ಖಾಲಿ ಇದೆ. ಅಲ್ಲಿಗೆ ಬಂದ್ಬಿಡು. ಈ ಮನೇಲಿ ವೆಂಡೆಲ್ ಇರ್ಲಿ, ಮದುವೆ ಆಗ್ತಿದ್ದಾನಲ್ಲ” ಎಂದ. ವೆಂಡೆಲ್ ಅವನ ಕಿರಿಯ ಮಗ.

“ಇದು ನನ್ನ ಮನೆ, ಆರ್ವಿಲ್.”

“ನಿನ್ನದಲ್ಲ ಅಂದ್ನಾ? ಕಾಗದ ನಿನ್ನ ಹೆಸರಲ್ಲೇ ಇರ್ಲಿ. ನಾನು ಹೇಳೋದು ಒಂಟಿ ಹೆಂಗಸು ಕಣಿವೆ ತುದೀಲಿ ಏನ್ಮಾಡ್ತೀಯ ಅಂತ. ವಸಂತದಲ್ಲಿ ಎರಡು ಮನೆಗೆ ನಶೆ ಮಾತ್ರೆ ಹುಡುಕೋ ಕಳ್ಳರು ನುಗ್ಗಿದ್ರು, ಮರೆತ್ಯಾ? ಶೆರಿಫ್ ಕಡೆ ಪೊಲೀಸ್ನೋರು ಬರೋಕೆ ಒಂದು ಗಂಟೆ. ಅಷ್ಟೊತ್ತಿಗೆ ಕಳ್ಳ ಕಾಫಿ ಕಾಯಿಸಿ ಕುಡಿದು ಹೋಗಿರ್ತಾನೆ.”

“ನನ್ನ ಬಾಗಿಲು ನಾನು ಕಾಯ್ಕೋತೀನಿ. ನನ್ನ ಮಾಂಸ ನಾನೇ ಹೊಡ್ಕೋತೀನಿ.”

“ಯಾವ ಬಂದೂಕಲ್ಲಿ?” ಎಂದ ಆರ್ವಿಲ್.

ಕೇಳಬಾರದಿತ್ತು ಎಂದು ಅವನಿಗೂ ಆ ಕ್ಷಣವೇ ಅನಿಸಿರಬೇಕು, ಮುಖ ಕೆಂಪಾಯಿತು. ಓಪಲ್ ಅವನ ಮೊಣಕೈ ತಿವಿದಳು. ರೀಥಾ ಎದ್ದು ಹೋಗಿ ಒಲೆಯ ಮೇಲಿದ್ದ ಬೀನ್ಸ್ ಕಲಕಿದಳು. ಆರ್ವಿಲ್ ಸುಮ್ಮನೆ ಹೋಗುವ ಆಸಾಮಿಯಲ್ಲ. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, “ಈ ಚಳಿಗಾಲ ಒಂದು ಕಳಿ, ನೋಡೋಣ. ಆಗದಿದ್ರೆ ಮಾರ್ಚಲ್ಲಿ ಸಾಮಾನು ಇಳಿಸೋಣ” ಎಂದ. ಕಣಿವೆಯಲ್ಲಿ ಈ ಮಾತು ಎರಡು ದಿನದಲ್ಲಿ ಎಲ್ಲರಿಗೂ ಗೊತ್ತಾಯಿತು. ಮಾರ್ಚ್‌ವರೆಗೆ ರೀಥಾಗೆ ಗಡುವು ಎಂದು ಚರ್ಚಿನಲ್ಲೂ ಮಾತಾಡಿಕೊಂಡರು. ತನ್ನ ಸ್ವಂತ ಮನೆಗೆ ತಾನು ಪರೀಕ್ಷೆ ಬರೆಯಬೇಕಾಗಿ ಬಂದದ್ದು ಅವಳಿಗೆ ಬೆಂಕಿಯಂಥ ಸಿಟ್ಟು ತರಿಸಿತು.

ಡೆನ್ವರ್‌ನ ಮೀನು ಹಿಡಿಯುವ ದೋಣಿಯನ್ನು ಏಳುನೂರು ಡಾಲರಿಗೆ ಮಾರಿದಳು. ಆ ಶನಿವಾರವೇ ಪೇಟೆಗೆ ಹೋದಳು. ಅಲ್ಲಿ ಮೊಳೆ, ಬಣ್ಣ, ಕೋಳಿಮೇವು ಮಾರುವ ಅಂಗಡಿಯ ಹಿಂಭಾಗದಲ್ಲಿ ಡೋರ್ಸಿ ಎನ್ನುವವನು ಬಂದೂಕುಗಳ ಕಟ್ಟೆ ನೋಡಿಕೊಳ್ಳುತ್ತಿದ್ದ. ಎಪ್ಪತ್ತರ ಹತ್ತಿರದವನು, ಬಡಕಲು ಆಳು. ಬಂದವರ ಜೇಬಿಗಿಂತ ಹೆಚ್ಚಿನದನ್ನು ಎಂದೂ ತೋರಿಸುತ್ತಿರಲಿಲ್ಲ ಎಂದು ಹೆಸರಾಗಿದ್ದ.

“ಎರಡು ಬೇಕು. ಜಿಂಕೆಗೊಂದು ರೈಫಲ್, ಮನೆಗೊಂದು ಶಾಟ್‌ಗನ್. ಏಳ್ನೂರರ ಮೇಲೆ ಒಂದು ಸೆಂಟೂ ಇಲ್ಲ” ಎಂದಳು ರೀಥಾ.

ಡೋರ್ಸಿ ಬಂದೂಕು ತೆಗೆಯಲಿಲ್ಲ. ಮೊಳೆಗೆ ನೇತುಹಾಕಿದ್ದ ದಪ್ಪನೆಯ ಬೇಟೆ ಕೋಟು ತೆಗೆದು ಅವಳ ಕೈಗೆ ಕೊಟ್ಟ.

“ಹಾಕ್ಕೊಳ್ಳಿ.”

“ಸೆಪ್ಟೆಂಬರಲ್ಲಿ?”

“ಹೊಡಿಯೋದು ನವೆಂಬರಲ್ಲಿ ತಾನೇ? ಬರೀ ಅಂಗೀಲಿ ಬಂದು ಅಳತೆ ನೋಡಿ ಕೊಂಡ್ಹೋಗ್ತಾರೆ. ಆಮೇಲೆ ಚಳೀಲಿ ಹಿಡಿ ಕಂಕುಳಿಗೆ ಸಿಕ್ಕಿಹಾಕ್ಕೊಂಡು, ಜಿಂಕೆ ನೋಡ್ನೋಡ್ತಾ ಹೋಗುತ್ತೆ. ಬಂದು ನನಗೆ ಬೈತಾರೆ.”

ಬೆವರುತ್ತ ಕೋಟು ಹಾಕಿಕೊಂಡು ರೀಥಾ ಒಂದೊಂದನ್ನೇ ಹೆಗಲಿಗೆ ಏರಿಸಿದಳು. ಕಣ್ಣು ಮುಚ್ಚಿ ಹೆಗಲಿಗೇರಿಸು, ಆಮೇಲೆ ಕಣ್ಣು ತೆರೆ, ಗುರಿ ತಾನಾಗಿ ಎದುರಿಗಿದ್ದರೆ ಆ ಬಂದೂಕು ನಿನ್ನದು ಎಂದು ಡೋರ್ಸಿ ಹೇಳಿಕೊಟ್ಟ. ಹೊಳೆಯುವ ಹೊಸದೊಂದರ ಮೇಲೆ ಅವಳ ಕಣ್ಣು ಹೋದಾಗ ಅವನು ಬೇಡವೆಂದು ತಲೆಯಾಡಿಸಿದ. “ಅದು ಗೋಡೆ ಮೇಲೆ ಚೆನ್ನಾಗಿ ಕಾಣುತ್ತೆ ಕಣಮ್ಮ, ಅಷ್ಟೇ.” ಕೊನೆಗೆ ಗೀರು ಬಿದ್ದ, ಯಾರೋ ಮೂರೇ ಚಳಿಗಾಲ ಬಳಸಿ ಮಾರಿದ್ದ, ಬೋಲ್ಟ್ ಎಳೆದು ತುಂಬುವ ರೈಫಲ್ ಆಯ್ಕೆಯಾಯಿತು. ಗುಂಡು ಚಿಕ್ಕದು, ಹೆಗಲಿಗೆ ಒದೆತ ಕಡಿಮೆ, ನಮ್ಮ ಬೆಟ್ಟದ ಜಿಂಕೆಗೆ ಧಾರಾಳವಾಗಿ ಸಾಕು. ಅವಳ ಗಂಡನ ಕಡೆಯವರೆಲ್ಲ ದೊಡ್ಡ ಗುಂಡಿನವರು. ಡೋರ್ಸಿ ಅದಕ್ಕೆ ನಕ್ಕ. “ಒದೆತಕ್ಕೆ ಹೆದರಿ ಕಣ್ಣು ಮುಚ್ಚೋನಿಗೆ ಫಿರಂಗಿ ಕೊಟ್ರೂ ಅಷ್ಟೇ. ಉಳಿದ ದುಡ್ಡಿಗೆ ದುರ್ಬೀನು ಹಾಕ್ಸಿ, ಗುಂಡು ತಗೊಂಡು ಅಭ್ಯಾಸ ಮಾಡಿ.”

ಮನೆಯ ಬಂದೂಕಿಗೆ ಅಷ್ಟು ಹೊತ್ತಾಗಲಿಲ್ಲ. ಹಿಡಿ ಗಿಡ್ಡವಾದ, ಹಗುರವಾದ, ಹಳೆಯ ಪಂಪ್ ಶಾಟ್‌ಗನ್. ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ನೂಕಿದರೆ ತೋಟಾ ಏರುತ್ತದೆ. ಬೆರಳಲ್ಲಿ ಎಳೆಯುವ ಕುದುರೆಯ ಹಿಂದೆ ಒಂದು ಗುಂಡಿ, ಅದನ್ನು ಒತ್ತಿ ಕೆಂಪು ಉಂಗುರ ಕಂಡರೆ ಬಂದೂಕು ಸಿದ್ಧ ಎಂದರ್ಥ. ಡೋರ್ಸಿ ಅದನ್ನು ಒಮ್ಮೆ ಎಳೆದು ನೂಕಿ ತೋರಿಸಿದ. ಆ ಸದ್ದಿಗೆ ಅಂಗಡಿಯ ಮುಂಭಾಗದಲ್ಲಿ ಬಣ್ಣ ಕೊಳ್ಳುತ್ತಿದ್ದವರೂ ತಿರುಗಿ ನೋಡಿದರು.

“ಕೇಳಿದ್ರಲ್ಲ? ಈ ಸದ್ದೇ ಅರ್ಧ ಕೆಲಸ ಮಾಡುತ್ತೆ. ಇದು ಕೇಳಿದ ಮೇಲೆ ನಮ್ಮೋರಾದ್ರೆ ‘ನಾನು’ ಅಂತ ಕೂಗ್ತಾರೆ, ಕಳ್ಳರಾದ್ರೆ ಓಡ್ತಾರೆ. ಕೂಗದೆ, ಓಡದೆ ನಿಂತಿದ್ದಾನೆ ಅಂದ್ರೆ ಅವನೇ ಅಪಾಯದೋನು.”

ಈ ಮಾತನ್ನು ನಮ್ಮ ಕಡೆ ಪ್ರತಿಯೊಬ್ಬ ಗಂಡಸೂ ಹೇಳುತ್ತಾನೆ. ನಾನೂ ಹೇಳಿದ್ದೇನೆ. ಕಿವುಡರಿಂದ ತುಂಬಿದ ಕಣಿವೆಯಲ್ಲಿ ಕೂತು ನಾವೆಲ್ಲ ಈ ಮಾತನ್ನು ಇಷ್ಟು ವರ್ಷ ಹೇಗೆ ಹೇಳಿಕೊಂಡು ಬಂದೆವೋ ದೇವರೇ ಬಲ್ಲ.

“ನಳಿಗೆಗೆ ಸಿಗಿಸೋ ಒಂದು ಲೈಟಿದೆ, ಎಂಬತ್ತು ಡಾಲರ್. ಅದೂ ಬೇಕು ಅಂತೀನಿ” ಎಂದ ಡೋರ್ಸಿ.

ರೀಥಾ ಲೆಕ್ಕ ಹಾಕಿದಳು. ಗುಂಡು, ತೋಟಾ, ದುರ್ಬೀನು ಎಲ್ಲ ಸೇರಿ ಏಳುನೂರರಲ್ಲಿ ಹನ್ನೊಂದು ಡಾಲರ್ ಉಳಿದಿತ್ತು. “ಮನೇಲಿ ಟಾರ್ಚ್ ಇದೆ” ಎಂದಳು. ಡೋರ್ಸಿ ಒತ್ತಾಯ ಮಾಡಲಿಲ್ಲ. ಸರ್ಕಾರದ ಫಾರಂ ತುಂಬಿಸಿ, ಹಳೆಯ ಅಪರಾಧ ಏನೂ ಇಲ್ಲವೆಂಬ ಖಾತ್ರಿಗೆ ಫೋನಿನಲ್ಲಿ ಅವಳ ಹೆಸರು ಓದಿ ಹೇಳಿ, ಆ ಕಡೆಯಿಂದ ಸರಿ ಎಂದ ಮೇಲೆ ಎರಡನ್ನೂ ಅವಳ ಕೈಗಿಟ್ಟ. ಐವತ್ತೆರಡು ವರ್ಷಕ್ಕೆ ಮೊದಲ ಬಾರಿ ಬಂದೂಕಿನ ಕಾಗದದಲ್ಲಿ ತನ್ನ ಹೆಸರು ಕಂಡು ರೀಥಾ ಅದರ ಮೇಲೆ ಬೆರಳಾಡಿಸಿದಳು.

ಆ ಶರತ್ಕಾಲವೆಲ್ಲ ಬಸ್ಸು ನಿಲ್ಲಿಸಿ ಬಂದ ಮೇಲೆ ಹಿತ್ತಲ ದಿಬ್ಬಕ್ಕೆ ರಟ್ಟಿನ ಪೆಟ್ಟಿಗೆ ಇಟ್ಟು ಅಭ್ಯಾಸ ಮಾಡಿದಳು. ಕೆಳಗಿನ ಮನೆಗಳಲ್ಲಿ ಸದ್ದು ಕೇಳಿದವರು ಎಣಿಸುತ್ತ ಕೂತರು. ನವೆಂಬರ್‌ನಲ್ಲಿ ಗಂಡು ಜಿಂಕೆಯ ಬೇಟೆ ಶುರುವಾಗುವ ಸೋಮವಾರ ನಮ್ಮಲ್ಲಿ ಶಾಲೆಗೂ ರಜೆ, ಆ ವಾರವಿಡೀ ಬಸ್ಸು ಹೊರಡುವುದಿಲ್ಲ. ರೀಥಾ ಬೆಳಕು ಹರಿಯುವ ಮೊದಲೇ ಬೇಟೆಗಾರರ ಕೇಸರಿ ಜಾಕೀಟು ತೊಟ್ಟು ಒಬ್ಬಳೇ ಬೆಟ್ಟದ ಏಣು ಹತ್ತಿದಳು. ಹತ್ತೂವರೆಗೆ ಒಂದೇ ಗುಂಡಿನ ಸದ್ದು ಕೇಳಿತು. ಮಧ್ಯಾಹ್ನ ಎರಡು ಗಂಟೆಗೆ, ಕವಲು ಕೊಂಬಿನ ಎಳೆಯ ಗಂಡೊಂದನ್ನು ಹಗ್ಗ ಕಟ್ಟಿ ಎಳೆದುಕೊಂಡು ಅಂಗಳಕ್ಕೆ ಇಳಿದಳು. ಅಂಗೈ ಸುಲಿದು ರಕ್ತ ಬಂದಿತ್ತು.

ಸಂಜೆ ಆರ್ವಿಲ್ ಬಂದು ಕೊಟ್ಟಿಗೆಯ ತೊಲೆಗೆ ನೇತುಹಾಕಿದ್ದ ಜಿಂಕೆಯ ಸುತ್ತ ಒಂದು ಸುತ್ತು ಹಾಕಿದ. ಗುಂಡು ಹೊಕ್ಕ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಭುಜದ ಹಿಂದೆ, ಎಲ್ಲಿರಬೇಕೋ ಅಲ್ಲೇ ಇತ್ತು.

“ಚಿಕ್ಕದು” ಎಂದ.

“ನನ್ನ ಫ್ರೀಜರೂ ಚಿಕ್ಕದು” ಎಂದಳು ರೀಥಾ.

ಅವನು ಹೂಂಗುಟ್ಟಿ ಹೋದ. ಆದರೆ ಆ ಜಿಂಕೆ ಅವನ ನಿದ್ದೆ ಕೆಡಿಸಿತು ಎಂದು ಓಪಲ್ ಆಮೇಲೆ ಹೇಳಿದಳು. ಕ್ರಿಸ್‌ಮಸ್ ಹೊತ್ತಿಗೆ ಆರ್ವಿಲ್ ತನ್ನ ಬೀರುವಿನಿಂದ ಡೆನ್ವರ್‌ನ ರೈಫಲ್ಲನ್ನು ಮೂರು ಸಲ ತೆಗೆದು ಒರೆಸಿ ಮತ್ತೆ ಒಳಗಿಟ್ಟನಂತೆ. ತೆಗೆದುಕೊಂಡು ಹೋದದ್ದನ್ನು ಹಿಂದಕ್ಕೆ ಕೊಡುವಾಗ ಏನು ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. ತಪ್ಪಾಯಿತು ಎನ್ನುವ ಮಾತು ಬೋಗ್ಸ್ ಮನೆತನದ ಗಂಡಸರ ಬಾಯಲ್ಲಿ ಬಂದದ್ದನ್ನು ಈ ಕಣಿವೆಯಲ್ಲಿ ಯಾರೂ ಕೇಳಿಲ್ಲ. ಅದಕ್ಕೆ ಅವನು ತನಗೆ ತಿಳಿದ ಉಪಾಯ ಹೂಡಿದ. ರೀಥಾ ಬೆಳಿಗ್ಗೆ ಆರಕ್ಕೆ ಬಸ್ಸಿಗೆ ಹೋಗುತ್ತಾಳೆ, ಅವಳಿಲ್ಲದಾಗ ಹೋಗಿ ಗೂಟದ ಮೇಲೆ ಇಟ್ಟು ಬಂದುಬಿಡುವುದು. ಮಾತೇ ಬೇಡ.

ಜನವರಿಯ ಮೂರನೆಯ ವಾರ ಮಂಜುಗಡ್ಡೆಯ ಮಳೆ ಬೀಳುವ ಸೂಚನೆ ಬಂತು. ಅಂಥ ಸಂಜೆಗಳಲ್ಲಿ ಕಣಿವೆಯ ತುದಿಯವರು ಕಾರನ್ನು ಕೆಳಗೆ ಚರ್ಚಿನ ಅಂಗಳದಲ್ಲಿ ಬಿಟ್ಟು ನಡೆದು ಮನೆ ಸೇರುತ್ತಾರೆ, ಬೆಳಿಗ್ಗೆ ಜಾರುವ ಇಳಿಜಾರಿನಲ್ಲಿ ಕಾರು ಇಳಿಸುವ ಗೋಳು ಬೇಡವೆಂದು. ರೀಥಾ ಹಾಗೇ ಮಾಡಿದಳು. ರಾತ್ರಿ ತಂತಿಗಳು ಕಡಿದು ಕರೆಂಟು ಹೋಯಿತು. ಬೆಳಿಗ್ಗೆ ಐದೂವರೆಗೆ ಶಾಲೆಯಿಂದ ಫೋನ್ ಬಂತು, ಇಂದು ಶಾಲೆಯಿಲ್ಲ, ಬಸ್ಸು ತೆಗೆಯಬೇಡ ಎಂದು. ಅವಳು ಕಂಬಳಿಯೊಳಗೆ ಮತ್ತೆ ಸೇರಿಕೊಂಡಳು.

ಆರ್ವಿಲ್‌ಗೆ ಯಾರು ಫೋನ್ ಮಾಡುತ್ತಾರೆ? ಅವನ ಮನೆಯಲ್ಲಿ ಶಾಲೆಗೆ ಹೋಗುವವರಿಲ್ಲ, ರೇಡಿಯೊ ಅವನಿಗೆ ಕೇಳುವುದಿಲ್ಲ. ರಸ್ತೆ ಜಾರುತ್ತದೆಂದು ಟ್ರಕ್ಕು ಬಿಟ್ಟು, ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಡೆದೇ ಹತ್ತಿದ. ಅಂಗಳದಲ್ಲಿ ಕಾರಿಲ್ಲ, ಕಿಟಕಿಯಲ್ಲಿ ದೀಪವಿಲ್ಲ. ಹೋಗಿದ್ದಾಳೆ ಎಂದುಕೊಂಡ. ಹಿತ್ತಲ ಮೆಟ್ಟಿಲಲ್ಲಿ ಕಂಬಳಿ ಬಿಚ್ಚಿಟ್ಟು, ಎಂದಿನಂತೆ ಅಗುಳಿ ಹಾಕದ ಬಾಗಿಲು ನೂಕಿ ಒಳಗೆ ಬಂದ.

ರೀಥಾಗೆ ಬಾಗಿಲಿನ ಸದ್ದು ಕೇಳಿತು. ಗಂಟೆ ಆರೂಮುಕ್ಕಾಲು, ಜನವರಿಯಲ್ಲಿ ಅದು ಕತ್ತಲೆಯೇ. ಅಂಗಳಕ್ಕೆ ಗಾಡಿ ಬಂದ ಸದ್ದಿಲ್ಲ, ಯಾರೂ ಕೂಗಿಲ್ಲ, ಭಾರವಾದ ಬೂಟುಗಳು ಅಡುಗೆಮನೆಯ ನೆಲದ ಮೇಲೆ ನಡೆಯುತ್ತಿವೆ. ಮಂಚದ ಪಕ್ಕದ ಶಾಟ್‌ಗನ್ ಎರಡೂ ಕೈಯಲ್ಲಿ ಹಿಡಿದು ಎದ್ದಳು. ಟಾರ್ಚು ಕಪಾಟಿನ ಮೇಲಿತ್ತು, ಅದನ್ನು ಹಿಡಿಯಲು ಮೂರನೆಯ ಕೈ ಇರಲಿಲ್ಲ. ಬರಿಗಾಲಲ್ಲಿ ಮನೆಯೊಳಗಿನ ಓಣಿಯ ಮೂಲೆಗೆ ಬಂದು ನಿಂತಳು. ಕಿಟಕಿಯ ಮಂಜಿನ ಮಬ್ಬಿನಲ್ಲಿ ಗಂಡಸೊಬ್ಬನ ಬೆನ್ನು, ಅವನ ಕೈಯಲ್ಲಿ ಉದ್ದನೆಯ ಬಂದೂಕು.

ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ನೂಕಿದಳು. ಆ ಸದ್ದು ಇಡೀ ಮನೆಯನ್ನು ತುಂಬಿತು.

ಅವನು ಕೂಗಲಿಲ್ಲ, ಓಡಲೂ ಇಲ್ಲ.

“ಯಾರದು? ನಿಲ್ಲು! ನನ್ನ ಕೈಯಲ್ಲಿ ಬಂದೂಕಿದೆ!” ಎಂದು ಕಿರುಚಿದಳು. ಎರಡು ಸಲ ಕಿರುಚಿದಳು. ಅವನು ತಿರುಗಲೂ ಇಲ್ಲ. ಡೋರ್ಸಿಯ ಮಾತು, ಕಣಿವೆಯ ಎಲ್ಲ ಗಂಡಸರ ಮಾತು ಒಟ್ಟಿಗೆ ಅವಳ ತಲೆಯಲ್ಲಿ ಓಡಿತು. ಕುದುರೆಯ ಹಿಂದಿನ ಗುಂಡಿ ಒತ್ತಿದಳು. ಬೆರಳನ್ನು ಕುದುರೆಯ ಬಳೆಯೊಳಗೆ ಇಟ್ಟಳು. ಆ ಮನುಷ್ಯ ಬಂದೂಕನ್ನು ಎತ್ತಿದ, ಎದೆಯ ಮಟ್ಟಕ್ಕೆ ಎತ್ತಿದ, ಅವಳ ಬೆರಳು ಬಿಗಿಯಿತು. ಅವನು ಇನ್ನೂ ಮೇಲಕ್ಕೆ ಎತ್ತಿದ. ತಲೆಗಿಂತ ಮೇಲಕ್ಕೆ, ಗೋಡೆಯ ಕಡೆಗೆ. ಮರಕ್ಕೆ ಮರ ತಾಗಿದ ಸಣ್ಣ ಸದ್ದಾಯಿತು, ಒಂದು ಗೂಟಕ್ಕೆ, ಆಮೇಲೆ ಇನ್ನೊಂದಕ್ಕೆ. ಕಳ್ಳ ಬಂದೂಕು ಕದ್ದುಕೊಂಡು ಹೋಗುತ್ತಾನೆ, ತಂದು ಗೋಡೆಗೆ ಇಡುವುದಿಲ್ಲ ಎಂದು ಅವಳಿಗೆ ಹೊಳೆಯಲು ಅಷ್ಟು ಹೊತ್ತು ಬೇಕಾಯಿತು.

ಆರ್ವಿಲ್ ತಿರುಗಿ ಅವಳನ್ನು ನೋಡಿದ.

“ಬಸ್ಸಿಗೆ ಹೋಗಿಲ್ವಾ?” ಎಂದು ಗಟ್ಟಿಯಾಗಿ ಕೇಳಿದ.

ಆಮೇಲಿನದು ರೀಥಾಗೆ ಸರಿಯಾಗಿ ನೆನಪಿಲ್ಲ. ಓಣಿಯ ನೆಲದ ಮೇಲೆ ಕೂತಿದ್ದಳು. ಆರ್ವಿಲ್ ಪಕ್ಕದಲ್ಲಿ ಮಂಡಿಯೂರಿದ್ದ. ತೋಟಾಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ನಿಲ್ಲಿಸಿದ. ಗ್ಯಾಸಿನ ಒಲೆಗೆ ಕಡ್ಡಿ ಗೀರಿ ಕಾಫಿ ಕಾಯಿಸಿದವನೂ ಅವನೇ. ಬೆಳಕಾದ ಮೇಲೆ ಅವನು ಟೋಪಿ ಹಾಕಿಕೊಂಡು ಇಳಿದುಹೋದ.

ವಾರದೊಳಗೆ ಕಥೆ ಕಣಿವೆಯೆಲ್ಲ ಹಬ್ಬಿತು. ಹಬ್ಬಿಸಿದವನು ಆರ್ವಿಲ್ಲೇ. ಪೇಟೆಯ ಕ್ಷೌರದಂಗಡಿಯಲ್ಲಿ ಹೇಳಿದ, ಚರ್ಚಿನ ಮೆಟ್ಟಿಲಲ್ಲಿ ಹೇಳಿದ, ಪೆಟ್ರೋಲು ಹಾಕಿಸುವಲ್ಲಿ ಹೇಳಿದ. “ಡೆನ್ವರ್‌ನ ನೋಡೋಕೆ ನಾನೂ ಹೊರಟೇ ಬಿಟ್ಟಿದ್ದೆ ಕಣ್ರೋ! ಶೆರಿಫ್ ನಿಂತ ಹಾಗೆ ನಿಂತಿದ್ಲು. ನಾನೇ ಅಂತ ಗೊತ್ತಾಗೋವರೆಗೂ ಒಂಚೂರು ಅಲ್ಲಾಡ್ಲಿಲ್ಲ. ಗುಂಡಿಗೆ ಅಂದ್ರೆ ಅದು!” ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಬಸ್ಸು ಹತ್ತುವ ಮಕ್ಕಳು ಎರಡೂ ಕೈ ಮೇಲೆತ್ತಿಕೊಂಡು, “ಹೊಡೀಬೇಡಿ ರೀಥಾ ಆಂಟಿ” ಎಂದು ಹತ್ತತೊಡಗಿದವು. ಟ್ರೈಲರ್ ಮನೆಯ ಮಾತು ನಿಂತಿತು. ಮಾರ್ಚ್ ಬಂತು, ವೆಂಡೆಲ್ ತಾನೇ ಆ ಟ್ರೈಲರಿಗೆ ಬಣ್ಣ ಬಳಿಯುತ್ತಿರುವುದು ಕಂಡಿತು. ರೀಥಾ ಪರೀಕ್ಷೆಯಲ್ಲಿ ಗೆದ್ದಿದ್ದಳು.

ಗೆದ್ದವಳಿಗೆ ಊಟ ಸೇರುತ್ತಿರಲಿಲ್ಲ. ಗುರುತು ಹಿಡಿದು ನಿಂತವಳು ತಾನಲ್ಲ ಎಂದು ಅವಳಿಗೆ ಗೊತ್ತಿತ್ತು. ಗುಂಡಿ ಒತ್ತಿಯಾಗಿತ್ತು, ಬೆರಳು ಒಳಗಿತ್ತು, ಇನ್ನೊಂದು ಉಸಿರಿನ ಹೊತ್ತಾಗಿದ್ದರೆ ಅವಳು ಗಂಡನ ಅಣ್ಣನ ಬೆನ್ನಿಗೆ ಹೊಡೆದಿರುತ್ತಿದ್ದಳು. ಸುಳ್ಳಿನ ಮೇಲೆ ಮನೆ ಉಳಿಸಿಕೊಂಡೆ ಎನ್ನುವ ನಾಚಿಕೆ ಅವಳನ್ನು ತಿನ್ನುತ್ತಿತ್ತು. ಒಂದು ಶನಿವಾರ ಶಾಟ್‌ಗನ್ ತೆಗೆದುಕೊಂಡು ಹೋಗಿ ಡೋರ್ಸಿಯ ಕಟ್ಟೆಯ ಮೇಲಿಟ್ಟಳು. ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು.

“ನಲವತ್ತು ವರ್ಷದಿಂದ ಆ ಮಾತು ಹೇಳ್ತಾ ಬಂದಿದ್ದೀನಿ” ಎಂದ ಡೋರ್ಸಿ. “ನಮ್ಮಪ್ಪನೂ ಗಣೀಲಿದ್ದೋನೇ. ನಾನು ಬಾಗಿಲಲ್ಲಿ ನಿಂತು ಹತ್ತು ಸಲ ಕೂಗಿದ್ರೂ ಅವನಿಗೆ ಕೇಳ್ತಿರ್ಲಿಲ್ಲ.” ಬಂದೂಕನ್ನು ವಾಪಸು ತೆಗೆದುಕೊಳ್ಳಲಿಲ್ಲ. ಲೈಟನ್ನು ಸಿಗಿಸಿ, ದುಡ್ಡು ಬೇಡವೆಂದು ಅವಳ ಕಡೆಗೆ ತಳ್ಳಿದ. “ಅವನ ಹತ್ರ ಹೇಳಿ. ನನ್ನ ಹತ್ರ ಹೇಳಿದ್ರೆ ಏನು ಬಂತು?”

ಈಸ್ಟರ್ ಭಾನುವಾರ ಆರ್ವಿಲ್‌ನ ಮನೆಯಲ್ಲಿ ಬೋಗ್ಸ್ ಕುಟುಂಬವೆಲ್ಲ ಊಟಕ್ಕೆ ಸೇರಿತ್ತು. ಹಂದಿಯ ತೊಡೆ, ಬೀನ್ಸ್, ಜೋಳದ ರೊಟ್ಟಿ, ರೀಥಾ ತಂದಿದ್ದ ಜಿಂಕೆ ಮಾಂಸದ ಸಾರು. ವೆಂಡೆಲ್‌ನ ಹೊಸ ಹೆಂಡತಿಯ ತಂದೆತಾಯಿ ಬಂದಿದ್ದರು, ಅವರಿಗೆ ಕಥೆ ಗೊತ್ತಿರಲಿಲ್ಲ. “ಅಪ್ಪ, ಹೇಳು ಹೇಳು” ಎಂದ ವೆಂಡೆಲ್. ಆರ್ವಿಲ್ ಬಾಯಿ ಒರೆಸಿಕೊಂಡು ಶುರುಮಾಡಿದ. ಶೆರಿಫ್ ಎನ್ನುವಲ್ಲಿಗೆ ಬಂದಾಗ ಎಲ್ಲರೂ ನಗಲು ಸಿದ್ಧರಾಗಿದ್ದರು.

“ನಾನು ಗುರುತು ಹಿಡೀಲಿಲ್ಲ, ಆರ್ವಿಲ್” ಎಂದಳು ರೀಥಾ. “ಹೊಡೀತಿದ್ದೆ.”

ಮೆಲ್ಲಗೆ ಹೇಳಿದ್ದಳು. ಅವನು ಕಿವಿಗೆ ಕೈ ಹಿಡಿದ. “ಏನಂದೆ?”

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳ ಮುಖಕ್ಕೆ ರಕ್ತವೆಲ್ಲ ನುಗ್ಗಿತು. ಆದರೂ ಬಸ್ಸಿನಲ್ಲಿ ಕೂಗುವ ದನಿ ತೆಗೆದು, ಒಂದೊಂದೇ ಮಾತು ಬಿಡಿಸಿ ಕೂಗಿದಳು. “ಗುರುತು ಹಿಡೀಲಿಲ್ಲ ಅಂದೆ! ಬೆರಳು ಒಳಗಿತ್ತು! ಹೊಡೀತಿದ್ದೆ ನಿಮಗೆ!”

ಓಪಲ್ ಕೈಯಲ್ಲಿದ್ದ ರೊಟ್ಟಿಯ ತಟ್ಟೆ ಅಲ್ಲೇ ನಿಂತಿತು. ಆರ್ವಿಲ್ ಮಾತ್ರ ಫೋರ್ಕು ಕೆಳಗಿಟ್ಟು ಅವಳನ್ನು ನೆಟ್ಟಗೆ ನೋಡಿದ.

“ಗೊತ್ತು” ಎಂದ. “ಆ ಬೆರಳು ಬಿಡಿಸಿದೋನು ನಾನಲ್ವಾ? ನೀನಾಗಿ ತೆಗೀಲಿಲ್ಲ. ಕಬ್ಬಿಣದ ಹಾಗೆ ಹಿಡ್ಕೊಂಡಿತ್ತು.”

“ಗೊತ್ತಿದ್ದೂ ಊರೆಲ್ಲ ಹಾಗೆ ಹೇಳ್ಕೊಂಡು ಬಂದ್ರಾ?”

“ಇನ್ನೇನು ಹೇಳ್ಲಿ? ಇದ್ದದ್ದು ಹೇಳಿದ್ರೆ ಇವರೆಲ್ಲ ಸೇರಿ ಆ ಮನೆಯಿಂದ ನಿನ್ನನ್ನ ಇಳಿಸ್ತಿದ್ರು.” ಅವನ ದನಿ ಎಂದಿನಂತೆ ಹಳ್ಳದಾಚೆಗೆ ಕೇಳುವಷ್ಟಿತ್ತು, ಅದನ್ನು ತಗ್ಗಿಸುವುದು ಅವನಿಗೆ ಸಾಧ್ಯವೂ ಇರಲಿಲ್ಲ. “ನಾನು ನಿನ್ನ ಮನೆಗೆ ಹೇಳದೆ ಕೇಳದೆ ನುಗ್ಗಿದ್ದು ಎರಡು ಸಲ ರೀಥಾ. ಎರಡನೇ ಸಲ ನೀನು ಬಂದೂಕು ಹಿಡಿದಿದ್ದೆ, ಅದು ಸರಿಯಾಗೇ ಇತ್ತು. ಮೊದಲ್ನೇ ಸಲ, ಡೆನ್ವರ್ ಮಣ್ಣಾಗಿ ಮೂರು ದಿನ ಆಗಿತ್ತು. ಅವನ ಬಂದೂಕೆಲ್ಲ ನಾವು ಹೊತ್ಕೊಂಡು ಹೋಗೋವಾಗ, ಪಾಪ ಇವರ ಕೈ ತುಂಬಿದೆ ಅಂತ ಬಾಗಿಲು ತೆರೆದು ಹಿಡ್ಕೊಂಡು ನಿಂತಿದ್ದೋಳು ನೀನೇ.”